ಪಿನ್ನು

ಸ್ಟೋವಿನ ಪಿನ್ನನ್ನು ಈಗಿನ ಮಕ್ಕಳು ನೋಡಿಲ್ಲ.
ತಗಡಿನ ಪಟ್ಟಿ, ತುದಿಗೆ ಕೂದಲೆಳೆಯಷ್ಟು ತಂತಿ,
ಬರ್ನರಿನ ಕಣ್ಣಿಗೆ ಮಸಿ ಕಟ್ಟಿದರೆ ಚುಚ್ಚಿ ಬಿಡಿಸಲು.
ನನ್ನ ಹೊಲಿಗೆ ಡಬ್ಬಿಯಲ್ಲಿ ಒಂದಿದೆ.
ಕೊಟ್ಟವನು ಅದರಿಂದಲೇ ಶೇಠನಾದವನು.

ಗುಳೇದಗುಡ್ಡದ ಮುರಿಗೆಪ್ಪ. ಖಣ ನೇಯುವ ಮನೆ.
ಹದಿನಾಲ್ಕಕ್ಕೆ ಸೊಲ್ಲಾಪುರ, ಹದಿನಾರಕ್ಕೆ ದಾದರು,
ಕುರ್ಲಾದ ಚಾಳಿನ ಮೆಟ್ಟಿಲಡಿ ಒಂದು ಚಾಪೆ, ಒಂದು ಕತ್ತರಿ.
ಹಗಲು ತಂತಿ ಕತ್ತರಿಸಿ, ಸಂಜೆ ಲೋಕಲ್ಲಿನಲ್ಲಿ
ಡಜನ್ನಿಗೆ ಎರಡಾಣೆ ಎಂದು ಕೂಗಿದ. ಮರಾಠಿ ಬರುತ್ತಿರಲಿಲ್ಲ,
ಆ ಮೂರು ಮಾತು ಮಾತ್ರ ಬರುತ್ತಿತ್ತು.
"ಕಡದ ಎಳಿಗೆ ಗಂಟು ಹಾಕಬಹುದ್ರಿ ಸಿಸ್ಟರ್,
ಕಡದ ತಂತಿಗೆ ಬರಂಗಿಲ್ಲ. ಅಷ್ಟ ಫರಕು."

ಪಿನ್ನಿನಿಂದ ಬರ್ನರು, ಬರ್ನರಿನಿಂದ ಹಿತ್ತಾಳೆಯ ಟಾಕಿ,
ಭಾಂಡುಪಿನಲ್ಲಿ ಮೂರು ಶೆಡ್ಡು, ಇನ್ನೂರ ಅರವತ್ತು ಆಳು.
ಅವನನ್ನು ಸಾಕಿದ ಅಕ್ಕ ಗಂಗವ್ವ,
ಸ್ಟೋವಿಗೆ ಆಕೆಯ ಹೆಸರು.
ಬೆಂಕಿಗೆ ಯಾರಾದರೂ ಗಂಗೆಯೆಂದು ಹೆಸರಿಡುತ್ತಾರೆಯೇ,
ಏಜಂಟರು ನಕ್ಕರು.
ನಾಲ್ಕು ವರ್ಷಕ್ಕೆ ಅರ್ಧ ಮುಂಬಯಿಯ ಚಾಳುಗಳಲ್ಲಿ
ಬೆಳಗಿನ ಐದಕ್ಕೆ ಗಂಗಾ ಭುಸ್ಸೆನ್ನತೊಡಗಿತು.

ನನಗೆ ಸ್ವತಃ ಗೊತ್ತಿರುವುದು ಇದರ ನಂತರದ್ದು.

ಏಳನೇ ಮಂಚ. ನೀಲವ್ವ, ವಿಜಾಪುರದ ಕಡೆಯವಳು,
ಚೆಂಬೂರಿಗೆ ಮದುವೆಯಾಗಿ ಬಂದು ಹನ್ನೊಂದು ತಿಂಗಳು.
ಪೊಲೀಸರಿಗೆ ಹೇಳಿದ್ದು: ಸ್ಟೋವು ಸಿಡಿಯಿತು.
ಮಂಚದ ಕಾಲಬಳಿ ಅತ್ತೆ ನಿಂತಿದ್ದಳು.
ರಾತ್ರಿ ನನಗೆ ಹೇಳಿದ್ದು ಬೇರೆ.
"ತಂಗೀನ್ನೂ ಅದ ಮನಿಗೆ ಮಾತಾಡ್ಯಾರ,
ಯಾರ ಮುಂದೂ ಅನಬ್ಯಾಡ್ರಿ."
ಬೆಳಗಾಗುವಷ್ಟರಲ್ಲಿ ಚಾದರ ಬದಲಿಸಿದೆ.

ಸ್ಟೋವು ಗಂಗಾ. ಕೋರ್ಟು ಮಾಲೀಕನನ್ನು ಕರೆಯಿತು.
ಮೇಜಿನ ಮೇಲಿದ್ದುದನ್ನು ಬೋರಲು ಹಾಕಿ
ಬೆಸುಗೆಯ ಗುಂಟ ಬೆರಳಾಡಿಸಿದ. ಟಾಕಿ ಸೀಳಿಲ್ಲ, ವಾಷರು ಹೋಗಿಲ್ಲ,
ಕಿಸೆಯಿಂದ ಪಿನ್ನು ತೆಗೆದು ಕಣ್ಣಿಗೆ ಹಾಕಿದ: ಸರಾಗ.
"ಇದು ಸಿಡಿದಿಲ್ಲ ಸಾಹೇಬ್ರ. ಇದನ್ನ ಅವತ್ತು ಹಚ್ಚೇ ಇಲ್ಲ."
ಎದುರು ವಕೀಲ ಕನ್ನಡಕ ಒರೆಸುತ್ತ ಒಂದೇ ಪ್ರಶ್ನೆ ಕೇಳಿದ:
ಸಿಡಿಯಿತೆಂದರೆ ನಿಮ್ಮ ಕಾರ್ಖಾನೆ ಏನಾಗುತ್ತದೆ?
ಮುಚ್ಚಬೇಕಾಗುತ್ತದೆ.
ವಕೀಲ ಕೂತ.
ಲಾಭ ತರುವ ನಿಜವನ್ನು ಯಾರು ನಂಬುತ್ತಾರೆ?
ಗಂಡ ಬಿಡುಗಡೆಯಾದ.

ಮೂರನೇ ಬೆಂಚಿನಲ್ಲಿ ನಾನಿದ್ದೆ.
ನನ್ನನ್ನು ಯಾರೂ ಕರೆದಿರಲಿಲ್ಲ. ನಾನೂ ಏಳಲಿಲ್ಲ.

ಮುಂದಿನ ಗಣಪತಿ ಹಬ್ಬದ ಹೊತ್ತಿಗೆ ಒಂದು ಶೆಡ್ಡು ಮಾರಿದ.
ಹದಿನೆಂಟು ಮಂಚದ ಸುಟ್ಟಗಾಯದ ವಾರ್ಡು,
ನೊಣ ನುಸುಳದ ಜಾಲರಿ, ತಣ್ಣನೆ ಗಾಳಿಯ ಯಂತ್ರ,
ವಸಯಿಯಿಂದ ದಿನಾ ಮೊದಲ ಗಾಡಿಗೆ ಎಳೆಯ ಬಾಳೆಲೆ,
ಉಣ್ಣಲಿಕ್ಕಲ್ಲ, ಹುಣ್ಣಿಗೆ ಹೊದಿಸಲಿಕ್ಕೆ.
ಪಶ್ಚಾತ್ತಾಪ ಎಂದು ಪೇಪರಿನವರು ಬರೆದರು.
ಊರ ಸಂಘದವರು ಶಾಲು ತಂದು, ಪಾಪ ತೊಳೆದಿರಿ ಎಂದರು.
ಅಲ್ಲ ಎನ್ನಲಿಲ್ಲ ಅವನು. ಶಾಲು ವಾಚಮನ್ನನ ಹೆಗಲಿಗೆ ಹೋಯಿತು.

ಮಂಗಳವಾರ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ,
ಒಳಗೆ ಬರುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದೆ,
ಸಿಡಿದೇ ಇಲ್ಲವಲ್ಲ ಶೇಠ್, ಮತ್ತೆ ಇದೆಲ್ಲ ಏಕೆ?
"ಗಂಗಾ ಸಿಡಿಯಂಗಿಲ್ಲ ಅಂತ ಪೇಪರದಾಗ ಬಂತು ನೋಡ್ರಿ,
ಆ ವರ್ಷ ದುಪ್ಪಟ್ಟು ಮಾರ್ತು.
ಆ ರೊಕ್ಕ ಎಲ್ಲಿಡ್ಲಿ ಸಿಸ್ಟರ್?"
ಪಿನ್ನನ್ನು ನನ್ನ ಅಂಗೈಯಲ್ಲಿಟ್ಟು ಎದ್ದ.
ಆಕೆ ನಿಮಗೇನಾದರೂ ಹೇಳಿದಳೇ ಎಂದು
ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ.

ಗ್ಯಾಸು ಬಂತು. ಶೆಡ್ಡುಗಳ ಜಾಗದಲ್ಲಿ ಇಪ್ಪತ್ತೆರಡು ಮಾಳಿಗೆ.
ಬೆಂಕಿ ಮಾರಿ ಬದುಕಿದವನನ್ನು ಮಣ್ಣಿಗಿಟ್ಟರು.
ಬಾಗಿಲ ಮೇಲೆ ಈಗಲೂ ಗಂಗಾ ವಾರ್ಡ್ ಎಂದಿದೆ,
ಹೊಸ ನರ್ಸುಗಳು ನದಿಯೆಂದುಕೊಂಡಿದ್ದಾರೆ.

ತಂಗಿಯನ್ನು ಆ ಮನೆಗೆ ಕೊಟ್ಟರೋ ಇಲ್ಲವೋ.
ಗುಂಡಿ ಹೊಲಿಯುವಾಗ ಡಬ್ಬಿಯಲ್ಲಿ ಬೆರಳಾಡಿಸಿದರೆ
ಸೂಜಿಗಿಂತ ಮೊದಲು ಅದೇ ಚುಚ್ಚುತ್ತದೆ.